ಹಳದಿ ಅಂದರೆ ಕೆಡವುವುದು

ರೀಗಾ. ಜನವರಿ. ಮಧ್ಯಾಹ್ನ ಮೂರೂವರೆಗೇ ದೀಪ.
ಕಿಟಕಿಯಾಚೆ ಟ್ರಾಮು
ತಿರುವಿನಲ್ಲಿ ಹಲ್ಲು ಕಡಿಯುತ್ತ ಹೋಯಿತು.
ವಿಜ್ಮಾ, ಐವತ್ತೆಂಟು ವಯಸ್ಸು,
ಬೇಕಿಲ್ಲದಿದ್ದರೂ ಮೊಳಕೈ ಹತ್ತಿರ ಪೆನ್ಸಿಲ್ ಡಬ್ಬಿ ಇಟ್ಟುಕೊಂಡು
ಪರದೆಯ ಮೇಲೆ ಇವತ್ತಿನ ಆರನೇ ಪೆಟ್ಟಿಗೆ ಇಟ್ಟಳು.

ಕೋಡ್ ಬರೆಯುವುದೇ ಬೇಡ ಅಂದಿದ್ದ ರೈವಿಸ್,
ರಜೆಗೆ ಹೊರಡುವ ಹಿಂದಿನ ದಿನ.
ಪೆಟ್ಟಿಗೆ ಇಡು, ತಂತಿ ಎಳೆ,
ಇನ್ನೊಂದು ಪೆಟ್ಟಿಗೆಗೆ ಸಿಕ್ಕಿಸು.
ಮಣಿ ಪೋಣಿಸಿದ ಹಾಗೆ, ಅಷ್ಟೆ.

ಕೆಲಸ ಸಣ್ಣದು. ಒಂದು ಹಳೆಯ ಶಾಲೆ, ನಲವತ್ತೇಳು ಗೋಡೆ.
ಇರುವುದಕ್ಕೆ ಬೂದು,
ಹೊಸದಾಗಿ ಕಟ್ಟುವುದಕ್ಕೆ ಕೆಂಪು,
ಕೆಡವುವುದಕ್ಕೆ ಹಳದಿ.
ಮೂವತ್ತು ವರ್ಷ ಇದನ್ನೇ ಕೈಯಲ್ಲಿ ತುಂಬಿದವಳು:
ಒಂದು ಮಧ್ಯಾಹ್ನ, ಮೂರು ಪೆನ್ಸಿಲು, ಒಂದು ಬ್ಲೇಡು.

ಮೊದಲ ಸಲ ಓಡಿಸಿದಾಗ
ಒಂದೇ ಒಂದು ಗೋಡೆ ಕೆಂಪಾಯಿತು.
ಬಾಕಿ ನಲವತ್ತಾರು ಪಂಕ್ತಿಯಲ್ಲಿ ಕೂತು,
ಮೊದಲ ಎಲೆಗೆ ಬಡಿಸಿ
ಪಾತ್ರೆ ಎತ್ತಿಕೊಂಡು ಹೋದವನ ಬೆನ್ನು ನೋಡುತ್ತಿದ್ದವು.

ಎರಡು ದಿನ ಹಿಡಿಯಿತು ಗೊತ್ತಾಗಲಿಕ್ಕೆ.
ಗೋಡೆಗಳ ಪಟ್ಟಿ ಉದ್ದ, ಬಣ್ಣದ ಪಟ್ಟಿ ಗಿಡ್ಡ,
ಗಿಡ್ಡದ್ದು ಮುಗಿದ ಕೂಡಲೇ ಇದು ಕೈ ತೊಳೆದುಕೊಳ್ಳುತ್ತದೆ.
ಪೆಟ್ಟಿಗೆಯ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ
ಉದ್ದದ್ದು ಮುಗಿಯುವ ತನಕ ನಡೆ ಎಂದು ಹೇಳಬಹುದಂತೆ.
ಬಲಗುಂಡಿ ಒತ್ತು ಅಂತ
ಯಾರಾದರೂ ಹೇಳಬೇಕಲ್ಲ.

ಎರಡನೇ ಸಲ, ಬಣ್ಣವನ್ನು ಅಂಕಿಯಲ್ಲಿ ಕೊಟ್ಟು ನೋಡಿದಳು.
ನಲವತ್ತೇಳೂ ಕಪ್ಪು.
ಬೆಂಕಿ ಬಿದ್ದ ಶಾಲೆ.
ಪೂರ್ತಿ ಕೆಂಪು ಬೇಕೆಂದು ಒಂದು ಎಂದು ಬರೆದಿದ್ದಳು;
ಇದರ ಲೆಕ್ಕದಲ್ಲಿ ಪೂರ್ತಿ ಅಂದರೆ
ಇನ್ನೂರ ಐವತ್ತೈದು.

ಮೂರನೇ ಸಲ ಗೋಡೆ ಯಾವುದೂ ಬದಲಾಗಲಿಲ್ಲ,
ಪೆಟ್ಟಿಗೆಯೇ ಹಳದಿಯಾಯಿತು.
ಅವಳ ಕೈಗೆ ಗೊತ್ತಿದ್ದ ಭಾಷೆಯಲ್ಲಿ
ಹಳದಿಗೆ ಒಂದೇ ಅರ್ಥ.
ಕೆಡವಿದಳು.
ಹೊಸದು ಇಟ್ಟು ತಂತಿ ಎಳೆದಳು. ಹಳದಿ.
ಮತ್ತೆ ಕೆಡವಿದಳು. ಮತ್ತೆ ಹಳದಿ.
ಚಹಾ ತಣ್ಣಗಾಯಿತು, ಚಹಾವನ್ನೂ ಬೈದಳು.

ಮೌಸನ್ನು ಸುಮ್ಮನೆ ಅದರ ಮೇಲೆ ಇಟ್ಟು ಕೂತಾಗ
ಪೆಟ್ಟಿಗೆ ತಾನಾಗಿ ಬಾಯಿಬಿಟ್ಟಿತು:
ನನಗೆ ಬಂದದ್ದರಲ್ಲಿ ಒಂದು, ಏನೂ ಅಲ್ಲ.
ಸೊನ್ನೆಯೂ ಅಲ್ಲ. ಖಾಲಿ.

ಒಂದಗುಳು ಹಿಸುಕಿದರೆ ಸಾಕು ಎನ್ನುವುದು ಅನ್ನಕ್ಕೆ.
ಇಲ್ಲಿ ನಲವತ್ತೇಳನ್ನೂ ಹಿಸುಕಬೇಕು.
ತಂತಿ ಹಿಡಿದು ಹಿಂದಕ್ಕೆ ಹೋದಳು, ಒಂದೊಂದೇ.
ಮೂವತ್ತೊಂದರಲ್ಲಿ ಸಿಕ್ಕಿತು.
ಆ ಗೋಡೆ ಸರಿಯಾಗಿಯೇ ಇತ್ತು.
ಇದು ಸೊನ್ನೆಯಿಂದ ಎಣಿಸುತ್ತದೆ ಎಂದು ನೆನಪಾದ ಮೇಲೆ
ಅದರ ಪಕ್ಕದ ಗೋಡೆಯನ್ನು ನೋಡಿದಳು.

ಬಾಯ್ಲರ್ ಕೋಣೆಗೂ ಸಂಗೀತದ ಕೋಣೆಗೂ ನಡುವಿನದು.
ಇರುವುದೋ, ಹೊಸದೋ, ಕೆಡವುವುದೋ,
ಬರೆಯಬೇಕಾದ ಜಾಗದಲ್ಲಿ ಬರೀ ಜಾಗ.

ಇಂಜಿನಿಯರ್ ಸ್ಕೈದ್ರೀತೆಗೆ ಫೋನು.
ಆ ಗೋಡೆಯಾ, ಅಂದಳು ಆಕೆ.
ನವೆಂಬರಿನಿಂದ ಕೇಳುತ್ತಿದ್ದೇನೆ, ಯಾರೂ ಹೇಳಿಲ್ಲ.
ಭಾರ ಹೊತ್ತಿದೆಯೋ ಇಲ್ಲವೋ
ಕೊರೆದು ನೋಡಬೇಕು.
ನಿನಗೆ ಹೇಗೆ ಗೊತ್ತಾಯಿತು?

ಕಾಗದದ ಮೇಲಾಗಿದ್ದರೆ
ಕೈ ಅದನ್ನು ಬೂದು ಮಾಡಿ ಮುಂದಕ್ಕೆ ಹೋಗುತ್ತಿತ್ತು.
ಮೂವತ್ತು ವರ್ಷದಲ್ಲಿ ಹಾಗೆ ಎಷ್ಟು ಗೋಡೆ,
ಅದನ್ನು ಯೋಚಿಸುವುದು ಬೇಡವೆಂದುಕೊಂಡಳು.
ಸ್ವಲ್ಪ ಯೋಚಿಸಿದಳು.

ಆಮೇಲೆ ಡಬ್ಬಿ ತೆರೆದು
ಕೊಂಡಾಗಿನಿಂದ ಕೆತ್ತಿಯೇ ಇರದ ನೇರಳೆ ಪೆನ್ಸಿಲನ್ನು
ಪರದೆಗೆ ಒತ್ತಿ ಹಿಡಿದು
ಅಂಕಿ ಏರಿಸಿ ಇಳಿಸಿ ಹೊಂದಿಸಿದಳು.
ಖಾಲಿ ಇದ್ದರೆ, ಇದು.

ಓಡಿಸಿದಳು.
ಬೂದು, ಬೂದು, ಹಳದಿ, ಕೆಂಪು, ಬೂದು,
ಮಕ್ಕಳು ಹಾಜರಿ ಹೇಳಿದ ಹಾಗೆ ಬಂದವು,
ನಡುವೆ ಒಂದು ನೇರಳೆ.
ಹೊರಗೆ ಇನ್ನೊಂದು ಟ್ರಾಮು. ಅಥವಾ ಅದೇ.

ಮುಚ್ಚುವ ಮುಂಚೆ ಹೆಸರು ಕೇಳಿತು.
ಶಾಲೆ, ಕೊನೆಯದು, ಎಂದು ಬರೆದಳು.
ತಡೆದು, ಪಕ್ಕದಲ್ಲಿ
ಒಂದು ಎಂದು ಸೇರಿಸಿದಳು.